ಕಡಲ ದಂಡೆಯ ಅಜ್ಜನ ಮನೆ ಮಾರಾಟಕ್ಕಿದೆ: ಫೋಟೋ ಹಾಕುವ ಮುಂಚೆ ನೋಡಬೇಕಿದ್ದ ಕಾಗದಗಳು

ಹೋದ ವಾರದ ವಿಡಿಯೋ ನೋಡಿದ ಮೇಲೆ ಸುಮಾರು ಜನ "ಇದನ್ನ ಬರೆದು ಹಾಕಿ, ಮನೆಯವರ ಗ್ರೂಪಿಗೆ ಕಳಿಸ್ಬೇಕು" ಅಂದ್ರಿ. ಹಾಗಾಗಿ ಅಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಓರಣ ಮಾಡಿ, ಬಿಟ್ಟುಹೋದ ಲೆಕ್ಕಗಳನ್ನ ಸೇರಿಸಿ ಇಲ್ಲಿ ಕೊಡ್ತಿದ್ದೇನೆ. ಮೊದಲೇ ಹೇಳಿಬಿಡ್ತೇನೆ, ನಾನು ವಕೀಲ ಅಲ್ಲ, ಕೋಡ್ ಬರೆಯೋನು. ನಮ್ಮ ಮನೆ ಮಾರಲಿಕ್ಕೆ ಹೊರಟು, ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದು ಇದು. ಸಹಿ ಹಾಕುವ ಮುಂಚೆ ನಿಮ್ಮ ವಕೀಲರನ್ನ, ಸಿಎ ಅವರನ್ನ ಕೇಳಿಯೇ ಕೇಳಿ.

ಕುಮಟಾ ಪೇಟೆಗೆ ತಾಗಿಕೊಂಡಿರುವ ಒಂದು ಪಂಚಾಯಿತಿಯಲ್ಲಿ ನಮ್ಮ ಅಜ್ಜನ ಮನೆ ಇದೆ. ಅಜ್ಜ ಮೂವತ್ತು ವರ್ಷ ಮುಂಬೈಯಲ್ಲಿ ಕೆಲಸ ಮಾಡಿ, ಉಳಿಸಿದ ದುಡ್ಡಲ್ಲಿ 1984ರಲ್ಲಿ ಎಂಟು ಗುಂಟೆ ಜಾಗ ತಗೊಂಡ್ರು, 1987ರಲ್ಲಿ ಮನೆ ಕಟ್ಟಿಸಿದ್ರು. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಮುಂದೆ ಜಗಲಿ, ಹಿಂದೆ ಬಾವಿ, ಹನ್ನೊಂದು ತೆಂಗಿನ ಮರ. ಬೇಸಿಗೆ ರಜೆ ಬಂತು ಅಂದ್ರೆ ಮೊಮ್ಮಕ್ಕಳೆಲ್ಲ ಅಲ್ಲಿಗೇ. ರಾತ್ರಿ ಜಗಲಿಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದ್ರೆ ತೆರೆಯ ಸದ್ದು ಕೇಳ್ತಿತ್ತು. ಅಜ್ಜ 2009ರಲ್ಲಿ, ಅಜ್ಜಿ 2016ರಲ್ಲಿ ಹೋದ್ರು. ಆಮೇಲೆ ಮನೆಗೆ ಬೀಗ. ವರ್ಷಕ್ಕೊಮ್ಮೆ ಹಂಚು ತಿರುವಿಸೋದು, ವರಲೆ ಹತ್ತಿದ ಪಕಾಸಿ ಬದಲಾಯಿಸೋದು, ತೆಂಗಿನಕಾಯಿ ಕೊಯ್ಸೋದು, ಎಲ್ಲಾ ಫೋನಲ್ಲೇ. ನಾನು ನವಿ ಮುಂಬೈಯಲ್ಲಿ. ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತಿದ್ರೆ ಬೆಳಗಾಗುವ ಮುಂಚೆ ಕುಮಟಾ. ಆದ್ರೂ ಮೂರು ವರ್ಷದಲ್ಲಿ ಎರಡೇ ಸಲ ಹೋಗಿದ್ದೆ.

ಮಾರೋಣ ಅಂತ ತೀರ್ಮಾನ ಆದಾಗ ನಾನು ಮಾಡಿದ ಮೊದಲ ಕೆಲಸ, ಡ್ರೋನ್ ಫೋಟೋ ತೆಗೆಸಿ ಜಾಹೀರಾತು ಹಾಕಿದ್ದು. "ಸಮುದ್ರಕ್ಕೆ ಎರಡು ನಿಮಿಷದ ನಡಿಗೆ." ವಾರದೊಳಗೆ ಒಬ್ಬರು 85 ಲಕ್ಷ ಅಂದ್ರು, 2 ಲಕ್ಷ ಮುಂಗಡವೂ ಕೊಟ್ರು. ತಿಂಗಳೊಳಗೆ ಆ 2 ಲಕ್ಷ ವಾಪಸ್ ಕೊಟ್ಟೆವು. ಅವರ ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಸಹಿ ಹಾಕುವವರು ಯಾರ್ಯಾರು? ಉಬ್ಬರದ ಗೆರೆಯಿಂದ ಮನೆ ಎಷ್ಟು ದೂರ? ಎರಡಕ್ಕೂ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ.

ಸಹಿ ಯಾರದ್ದು?

ಅಜ್ಜನಿಗೆ ಮೂವರು ಮಕ್ಕಳು. ದೊಡ್ಡಪ್ಪ, ಅಪ್ಪ, ಅತ್ತೆ. ದೊಡ್ಡಪ್ಪ 2021ರಲ್ಲಿ ತೀರಿಕೊಂಡ್ರು. ಅತ್ತೆಯ ಮದುವೆ ಆಗಿದ್ದು 1986ರಲ್ಲಿ, ಇರೋದು ಕುಮಟಾ ಪೇಟೆಯಲ್ಲೇ. ನಮ್ಮ ಮನೆಯ ಲೆಕ್ಕದಲ್ಲಿ ಆಸ್ತಿ ಎರಡೇ ಪಾಲು, ದೊಡ್ಡಪ್ಪನ ಕಡೆಗೊಂದು, ನಮ್ಮ ಕಡೆಗೊಂದು. "ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು 2005ರಲ್ಲಿ, ಅವಳ ಮದುವೆ ಅದಕ್ಕಿಂತ ಎಷ್ಟೋ ಮುಂಚೆ ಆಗಿದೆ" ಅನ್ನೋದು ಎಲ್ಲರ ನಂಬಿಕೆ. ನಿಮ್ಮ ಮನೆಯಲ್ಲೂ ಈ ಮಾತು ಕೇಳಿರ್ತೀರಿ.

ಇದು ಎರಡು ಬೇರೆ ಕಾನೂನುಗಳನ್ನ ಕಲಸಿದ ಮಾತು. ಅಜ್ಜ ತನ್ನ ಸ್ವಂತ ದುಡಿಮೆಯಿಂದ ತಗೊಂಡು, ವಿಲ್ ಬರೆಯದೆ ತೀರಿಕೊಂಡ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆ ಆಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಗೆ ಸಂಬಂಧಪಟ್ಟದ್ದು. ಅಲ್ಲಿ ಕೂಡ ತಂದೆ ಆ ದಿನ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ. ನಮ್ಮದು ಅಜ್ಜನ ಸ್ವಯಾರ್ಜಿತ. ಅಂದ್ರೆ ಅತ್ತೆಯ ಹಕ್ಕು ಅಜ್ಜ ತೀರಿಕೊಂಡ ದಿನದಿಂದಲೇ ಇತ್ತು, ನಾವು ಕಣ್ಣು ಮುಚ್ಚಿಕೊಂಡಿದ್ದೆವು ಅಷ್ಟೇ.

ಪಾಲು ಹೇಗೆ ಒಡೀತದೆ ನೋಡಿ. 2009ರಲ್ಲಿ ಅಜ್ಜಿ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು ಪಾಲು. 2016ರಲ್ಲಿ ಅಜ್ಜಿಯ ಕಾಲು ಪಾಲು ಮೂವರಿಗೆ ಹಂಚಿ, ಒಬ್ಬೊಬ್ಬರದ್ದು ಮೂರನೇ ಒಂದು. 2021ರಲ್ಲಿ ದೊಡ್ಡಪ್ಪನ ಮೂರನೇ ಒಂದು ಭಾಗ ದೊಡ್ಡಮ್ಮ ಮತ್ತು ಅವರ ಇಬ್ಬರು ಮಕ್ಕಳಿಗೆ, ತಲಾ ಒಂಬತ್ತನೇ ಒಂದು. 2016ರಲ್ಲಿ ಮೂರು ಸಹಿ ಸಾಕಿತ್ತು, ಈಗ ಐದು ಬೇಕು. ಅದರಲ್ಲಿ ಒಬ್ಬ ಅಣ್ಣ ಅಮೆರಿಕದಲ್ಲಿ. ಇನ್ನೂ ಹತ್ತು ವರ್ಷ ತಳ್ಳಿದ್ರೆ ಎಷ್ಟಾಗ್ತದೋ ನೀವೇ ಊಹಿಸಿ. ತಡ ಮಾಡಿದ್ರೆ ಮನೆಯ ಬೆಲೆ ಏರಬಹುದು, ಏರದೇ ಇರಬಹುದು. ಸಹಿಗಳ ಸಂಖ್ಯೆ ಮಾತ್ರ ಬೆಳೀತಾ ಹೋಗ್ತದೆ.

ದೂರದಲ್ಲಿ ಇರುವವರಿಗೆ ಒಂದು ಮಾತು. ಬರಲಿಕ್ಕೆ ಆಗದವರು ಪವರ್ ಆಫ್ ಅಟಾರ್ನಿ ಕೊಡಬಹುದು, ಮಾರಾಟಕ್ಕೆ ಬಳಸುವ ಪತ್ರ ನೋಂದಣಿ ಆಗಿರಲಿ. ವಿದೇಶದಲ್ಲಿ ಮಾಡಿಸಿದ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸ್ಬೇಕು. ಕೊಟ್ಟವರು ತೀರಿಕೊಂಡ್ರೆ ಸಾಮಾನ್ಯವಾಗಿ ಆ ಪತ್ರ ಅಲ್ಲಿಗೇ ಮುಗೀತು. ತಗೊಳ್ಳುವವರೂ ಗಮನಿಸಿ, ಬರೀ ಜಿಪಿಎ ಮೇಲೆ "ಮಾರಾಟ" ಮಾಡಿಕೊಂಡ್ರೆ ಮಾಲೀಕತ್ವ ಬರೋದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ. ಕ್ರಯಪತ್ರ ನೋಂದಣಿ ಆಗಲೇಬೇಕು.

ಉಬ್ಬರದ ಗೆರೆಯಿಂದ ಎಷ್ಟು ದೂರ?

85 ಲಕ್ಷ ಅಂದವರ ಯೋಚನೆ ಏನಿತ್ತು ಅಂದ್ರೆ, ಹಳೆ ಮನೆ ಕೆಡವಿ ಎರಡು ಮಹಡಿ, ಎಂಟು ರೂಮು ಕಟ್ಟಿ ಪ್ರವಾಸಿಗರಿಗೆ ಕೊಡೋದು. ಬೆಲೆ ಬಂದದ್ದು ಆ ಕನಸಿಗೆ. ಆ ಕನಸನ್ನ ಅಳೆಯೋದು ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ.

ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು. ಸಮುದ್ರದ ಕಡೆ ಉಬ್ಬರದ ಗೆರೆಯಿಂದ 500 ಮೀಟರ್ ತನಕ ಈ ನಿಯಮ ಅನ್ವಯ. ಪುರಸಭೆಯಂಥ ಪೇಟೆಯೊಳಗಿನ, ಆಗಲೇ ಕಟ್ಟಡಗಳಿಂದ ತುಂಬಿದ ಜಾಗ ಸಾಮಾನ್ಯವಾಗಿ ಸಿಆರ್‌ಝಡ್-2. ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಸಾಲಿನಿಂದ ಒಳಬದಿಗೆ ಕಟ್ಟಲಿಕ್ಕೆ ಅವಕಾಶ ಇದೆ. ಹಳ್ಳಿಗಳು ಸಿಆರ್‌ಝಡ್-3. 2019ರ ನಿಯಮದಲ್ಲಿ ಇದನ್ನ ಎರಡು ಮಾಡಿದ್ದಾರೆ. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ 3ಎ, ಅದಕ್ಕಿಂತ ಕಡಿಮೆ ಇದ್ರೆ 3ಬಿ. 3ಎ ಆದ್ರೆ ಸಮುದ್ರದ ಕಡೆ ಮೊದಲ 50 ಮೀಟರ್ ನಿರ್ಮಾಣ ನಿಷೇಧ ವಲಯ, 3ಬಿ ಆದ್ರೆ 200 ಮೀಟರ್. ಹೊಳೆ, ಅಳಿವೆ, ಉಪ್ಪುನೀರು ನುಗ್ಗುವ ಹಳ್ಳಗಳ ಬದಿಗೆ ಬೇರೆ ಅಳತೆ, ಅದನ್ನೂ ಮರೀಬೇಡಿ. ಮುಂದೆ ಸಮುದ್ರ ದೂರ ಇದ್ದು ಹಿತ್ತಲಲ್ಲೇ ಹಳ್ಳ ಇರೋದು ನಮ್ಮ ಕಡೆ ಮಾಮೂಲು.

ನಾನು ಮಾಡಿದ ಇನ್ನೊಂದು ತಪ್ಪು ಇಲ್ಲೇ. ಗೂಗಲ್ ಮ್ಯಾಪಿನಲ್ಲಿ ಒದ್ದೆ ಮರಳಿನಿಂದ ಮನೆಯ ಮೂಲೆಗೆ ಅಳತೆ ಹಿಡಿದೆ, 210 ಮೀಟರ್ ಬಂತು. ಬಚಾವ್ ಅಂದ್ಕೊಂಡೆ. ಆದ್ರೆ ಉಬ್ಬರದ ಗೆರೆ ಅಂದ್ರೆ ನಾವು ಹೋದ ದಿನ ತೆರೆ ಮುಟ್ಟಿದ ಜಾಗ ಅಲ್ಲ. ಚೆನ್ನೈಯ ಎನ್‌ಸಿಎಸ್‌ಸಿಎಂ ಅನ್ನೋ ಸಂಸ್ಥೆ ಸರ್ವೆ ಮಾಡಿ ಗುರುತಿಸಿದ ಗೆರೆ ಅದು, ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ಎಳೆದಿರ್ತದೆ. ಆ ನಕ್ಷೆಯ ಮೇಲೆ ನಮ್ಮ ಸರ್ವೆ ನಂಬರ್ ಇಟ್ಟು ನೋಡಿದಾಗ ಬಂದದ್ದು 140 ಮೀಟರ್, ವರ್ಗ 3ಬಿ. ಪೂರ್ತಿ ಜಾಗ ನಿಷೇಧ ವಲಯದ ಒಳಗೆ. ಉತ್ತರ ಕನ್ನಡದವರು ಇದನ್ನ ಲಿಖಿತವಾಗಿ ಕೇಳಬೇಕಿದ್ರೆ ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ.

ಹಾಗಂತ ಮನೆ ಮಾರಲಿಕ್ಕೆ ಆಗೋದಿಲ್ಲವಾ? ಆಗ್ತದೆ. ಸಿಆರ್‌ಝಡ್ ಕೈಬದಲಾವಣೆ ತಡೆಯೋದಿಲ್ಲ, ಹೊಸ ನಿರ್ಮಾಣ ತಡೀತದೆ. ಈಗಾಗಲೇ ಇರುವ ಅಧಿಕೃತ ಮನೆಯನ್ನ ಅದೇ ಪಾಯದ ಅಳತೆಯೊಳಗೆ ರಿಪೇರಿ ಮಾಡಬಹುದು, ಅನುಮತಿ ತಗೊಂಡು ಮತ್ತೆ ಕಟ್ಟಲೂಬಹುದು. ಎಂಟು ರೂಮು ಬರೋದಿಲ್ಲ, ಅಷ್ಟೇ.

ಪಂಚಾಯಿತಿ ಪರವಾನಗಿ ಇದ್ರೆ ಸಾಕು ಅನ್ನೋರಿಗೆ ಕೊಚ್ಚಿ ಪಕ್ಕದ ಮರಡು ನೆನಪಿಸ್ತೇನೆ. ಅಲ್ಲಿನ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳಿಗೆ ಪಂಚಾಯಿತಿ ಪರವಾನಗಿ ಇತ್ತು. ಸಿಆರ್‌ಝಡ್ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಆದೇಶ ಕೊಟ್ಟಿತು, 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದ್ರು. ಅಲ್ಲಿ ಮನೆ ತಗೊಂಡವರಲ್ಲಿ ನಮ್ಮ ನಿಮ್ಮಂಥವರೂ ಇದ್ರು.

ನಮ್ಮ ಪ್ರಶ್ನೆ ಈಗ ಒಂದೇ ಸಾಲಿಗೆ ಬಂತು. 1991ರ ಫೆಬ್ರವರಿಗೆ ಮುಂಚೆ ಈ ಮನೆ ಇತ್ತು ಅನ್ನಲಿಕ್ಕೆ ಪುರಾವೆ ಎಲ್ಲಿ? ಕಟ್ಟಡ ಪರವಾನಗಿ ಅಪ್ಪನ ಹತ್ತಿರ ಇಲ್ಲ, ದೊಡ್ಡಮ್ಮನ ಹತ್ತಿರ ಇಲ್ಲ. ಪಂಚಾಯಿತಿಯಲ್ಲಿ ಕೇಳಿದ್ರೆ ಅಷ್ಟು ಹಳೆ ಪುಸ್ತಕ ಸಿಗ್ತಿಲ್ಲ ಅಂದ್ರು.

ಅತ್ತೆಯ ಟ್ರಂಕು

ಅತ್ತೆಯ ಮನೆಗೆ ನಾನೊಬ್ಬನೇ ಹೋದೆ. ಚಾ ಕೊಟ್ಟು ಎದುರು ಕೂತು ಅವರು ಕೇಳಿದ್ದು ಒಂದೇ. "ತಮಾ, ನೀನು ಹಕ್ಕು ಬಿಡು ಹೇಳ್ಲಿಕ್ಕೆ ಬಂದದ್ದೋ, ಮನೆ ಮಾರುವನಾ ಕೇಳ್ಲಿಕ್ಕೆ ಬಂದದ್ದೋ?"

ಸುಳ್ಳು ಹೇಳೋದಿಲ್ಲ, ಮನೆಯಿಂದ ಹೊರಡುವಾಗ ನನ್ನ ಬ್ಯಾಗಿನಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡು ಇತ್ತು. ಅದನ್ನ ಹೊರಗೆ ತೆಗೀಲಿಲ್ಲ. "ಮಾರುವನಾ ಕೇಳ್ಲಿಕ್ಕೆ ಬಂದದ್ದು ಅತ್ತೆ" ಅಂದೆ. "ಹಾಗಾದ್ರೆ ನನ್ನ ಪಾಲು ಎಷ್ಟು, ಲೆಕ್ಕ ಹೇಳು." ಹೇಳಿದೆ. ಮೂರನೇ ಒಂದು. ತುಸು ಹೊತ್ತು ಸುಮ್ಮನಿದ್ದು ಒಳಗೆ ಹೋದ್ರು. ಕಬ್ಬಿಣದ ಟ್ರಂಕಿನಿಂದ ಒಂದು ಕಟ್ಟು ತಂದು ಮುಂದಿಟ್ರು. ಮನೆ ತೆರಿಗೆಯ ರಸೀದಿಗಳು, 1988ರಿಂದ ಹೋದ ವರ್ಷದ ತನಕ. ಹಳೆಯವಕ್ಕೆ ಮಂಡಲ ಪಂಚಾಯಿತಿಯ ಮೊಹರು, ಈಚಿನವಕ್ಕೆ ಗ್ರಾಮ ಪಂಚಾಯಿತಿಯದ್ದು. ಅಜ್ಜ ಇದ್ದಾಗ ಅಜ್ಜನ ಪರವಾಗಿ ಅವರೇ ಹೋಗಿ ಕಟ್ಟಿ ಬರ್ತಿದ್ರು. ಅಜ್ಜ ಹೋದ ಮೇಲೂ ನಿಲ್ಲಿಸಲಿಲ್ಲ. ನಾವ್ಯಾರೂ ಕೇಳಿರಲೂ ಇಲ್ಲ.

ಪಾಲಿಲ್ಲ ಅಂತ ನಾವು ಲೆಕ್ಕದಿಂದ ಬಿಟ್ಟವರ ಹತ್ತಿರವೇ ಮನೆಯನ್ನ ಉಳಿಸುವ ಕಾಗದ ಇತ್ತು. ಆ ಕರಡನ್ನ ವಾಪಸ್ ಬರುವಾಗ ರೈಲಿನಲ್ಲೇ ಹರಿದೆ. ಯಾರಾದ್ರೂ ಮನಸಾರೆ ಪಾಲು ಬಿಡ್ತೇನೆ ಅಂದ್ರೆ ನೋಂದಾಯಿತ ಬಿಡುಗಡೆ ಪತ್ರ ಮಾಡಿಸಬಹುದು, ತಪ್ಪಿಲ್ಲ. ಆದ್ರೆ ಅವರ ಪಾಲು ಎಷ್ಟು, ಇವತ್ತಿನ ಬೆಲೆ ಎಷ್ಟು ಅಂತ ಹೇಳದೆ ಸಹಿ ಹಾಕಿಸೋದು ಬೇರೆ ಮಾತು.

ಕಾಗದ ಸರಿ ಮಾಡುವ ಕ್ರಮ

ಮೊದಲು ಪಹಣಿ. ಭೂಮಿ ತಾಣದಲ್ಲಿ ಸರ್ವೆ ನಂಬರ್ ಹಾಕಿದ್ರೆ ಸಿಗ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ನಮ್ಮದರಲ್ಲಿ ಇನ್ನೂ ಅಜ್ಜನ ಹೆಸರೇ. 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆ ಏನಾದ್ರೂ ಇದ್ಯಾ ನೋಡಿ. ಹೆದ್ದಾರಿ 66ರ ಹತ್ತಿರದ ಜಾಗ ಆದ್ರೆ ಭೂಸ್ವಾಧೀನ ಆಗಿದ್ಯಾ ಅಂತಲೂ ವಿಚಾರಿಸಿ.

ಆಮೇಲೆ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಇವೆಲ್ಲ ಕೊಟ್ಟು ಅರ್ಜಿ ಹಾಕಿದ್ರೆ ಪಹಣಿಗೆ ವಾರಸುದಾರರ ಹೆಸರು ಏರ್ತದೆ. ವಂಶವೃಕ್ಷದಲ್ಲಿ ಒಬ್ಬರನ್ನ ಬಿಟ್ರೂ ಮುಂದೆ ಅದೇ ದಾವೆಗೆ ಮೂಲ. ಜಾಗ ಕೃಷಿಯಿಂದ ಪರಿವರ್ತನೆ ಆದದ್ದಾದ್ರೆ ಆ ಆದೇಶದ ಪ್ರತಿ ಬೇಕು. ಊರಿನ ಹಳಬರು ಬಿನ್‌ಶೇತ್ಕಿ ಅನ್ನೋದು ಇದಕ್ಕೇ. ಉತ್ತರ ಕನ್ನಡ 1862ರಿಂದ 1956ರ ತನಕ ಮುಂಬೈ ಆಡಳಿತದಲ್ಲಿ ಇತ್ತಲ್ಲ, ಆ ಶಬ್ದ ಉಳ್ಕೊಂಡಿದೆ. ಪಂಚಾಯಿತಿಯಲ್ಲಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪುರಸಭೆಯಲ್ಲಾದ್ರೆ ಇ-ಖಾತಾ. ಒಂದು ಸರ್ವೆ ನಂಬರಿನ ಭಾಗ ಮಾತ್ರ ಮಾರೋದಾದ್ರೆ 11ಇ ನಕ್ಷೆ.

ಮೂರನೇದು ಇಸಿ, ಋಣಭಾರ ಪ್ರಮಾಣಪತ್ರ. ನೋಂದಣಿ ಆದ ವ್ಯವಹಾರ ಮಾತ್ರ ಅದರಲ್ಲಿ ಕಾಣ್ತದೆ. ನೋಂದಣಿ ಮಾಡಿಸದ ವಿಲ್, ಬಾಯಿಮಾತಿನ ಪಾಲು ಯಾವುದೂ ಕಾಣೋದಿಲ್ಲ. ಇಸಿ ಖಾಲಿ ಇದೆ ಅಂದ ಮಾತ್ರಕ್ಕೆ ಆಸ್ತಿ ಶುದ್ಧ ಅಂತ ತಿಳ್ಕೋಬೇಡಿ.

ದುಡ್ಡಿನ ಲೆಕ್ಕ

ಈಗ ನಾವು ಕೇಳ್ತಿರುವ ಬೆಲೆ 60 ಲಕ್ಷ. ತೆರಿಗೆ ಹೇಗೆ ಬರ್ತದೆ ಅಂದ್ರೆ, ಅಜ್ಜ ಕೊಟ್ಟ ಬೆಲೆಯೇ ನಮಗೂ ಮೂಲ ಬೆಲೆ. 2001ಕ್ಕೆ ಮುಂಚಿನ ಆಸ್ತಿ ಆದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ಆದ್ರೆ ಅದು ಆ ದಿನದ ಮುದ್ರಾಂಕ ಮೌಲ್ಯ ಮೀರಬಾರದು. 2024ರ ಜುಲೈ 23ಕ್ಕೆ ಮುಂಚೆ ಬಂದ ಆಸ್ತಿಗೆ ಭಾರತದಲ್ಲಿ ವಾಸ ಇರುವವರಿಗೆ ಎರಡು ದಾರಿ: ಸೂಚ್ಯಂಕ ಇಲ್ಲದೆ 12.5%, ಅಥವಾ ಸೂಚ್ಯಂಕ ಹಾಕಿ 20%. ಯಾವುದು ಕಡಿಮೆಯೋ ಅದು.

2001ರ ಬೆಲೆ 5 ಲಕ್ಷ ಅಂತ ಹಿಡೀರಿ. ಮೊದಲ ದಾರಿಯಲ್ಲಿ 55 ಲಕ್ಷಕ್ಕೆ 12.5%, ಅಂದ್ರೆ 6.88 ಲಕ್ಷ. ಎರಡನೇದರಲ್ಲಿ, 2025-26ರ ಸೂಚ್ಯಂಕ 376 ಆದ್ದರಿಂದ 5 ಲಕ್ಷ 18.8 ಲಕ್ಷ ಆಗ್ತದೆ. ಉಳಿದ 41.2 ಲಕ್ಷಕ್ಕೆ 20%, ಅಂದ್ರೆ 8.24 ಲಕ್ಷ. ಮೊದಲನೇದೇ ಲಾಭ. 2001ರ ಬೆಲೆ 10 ಲಕ್ಷ ಬಂದ್ರೆ ಲೆಕ್ಕ ತಿರುಗ್ತದೆ, 6.25 ಲಕ್ಷದ ಎದುರು 4.48 ಲಕ್ಷ. ಸಮೀಕರಣ ಬಿಡಿಸಿದ್ರೆ ಗಡಿ ಬರೋದು ಮಾರುವ ಬೆಲೆಯ ಸುಮಾರು 12%ರಲ್ಲಿ. 2001ರ ಬೆಲೆ ಅದಕ್ಕಿಂತ ಹೆಚ್ಚಿದ್ರೆ ಹಳೆ ದಾರಿ ನೋಡಿ. ಹಾಗಾಗಿ ನೋಂದಾಯಿತ ಮೌಲ್ಯಮಾಪಕರ ವರದಿಗೆ ಕೊಡುವ ದುಡ್ಡು ದಂಡ ಅಲ್ಲ. ಇದು ಸೆಸ್ ಬಿಟ್ಟು, ಒಟ್ಟು ಮನೆಯ ಲೆಕ್ಕ. ಪ್ರತಿಯೊಬ್ಬರೂ ತಮ್ಮ ಪಾಲಿನ ಮಟ್ಟಿಗೆ ಬೇರೆಬೇರೆಯಾಗಿ ತೋರಿಸ್ಬೇಕು. ಲಾಭವನ್ನ ನಿಗದಿತ ಅವಧಿಯೊಳಗೆ ಬೇರೆ ವಾಸದ ಮನೆಗೆ ಹಾಕಿದ್ರೆ ವಿನಾಯಿತಿ ಇದೆ.

ಒಟ್ಟು ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ರೆ ಕೊಳ್ಳುವವರು 1% ಟಿಡಿಎಸ್ ಹಿಡೀಬೇಕು. ಐದು ಜನ ಮಾರುವವರು ಇದ್ರೂ ಒಟ್ಟು ಬೆಲೆಯನ್ನೇ ನೋಡ್ತಾರೆ. ಅಮೆರಿಕದ ಅಣ್ಣನ ಪಾಲಿಗೆ ಈ 50 ಲಕ್ಷದ ಮಿತಿಯೂ ಇಲ್ಲ, 1%ರ ದರವೂ ಇಲ್ಲ, ಸೂಚ್ಯಂಕದ ಆಯ್ಕೆಯೂ ಇಲ್ಲ. ಕಡಿಮೆ ಟಿಡಿಎಸ್ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಹಾಕೋದು ಒಳ್ಳೇದು.

ಕೊಳ್ಳುವವರ ಕಡೆ, ಹಳ್ಳಿಯಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ 5.65%. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. 60 ಲಕ್ಷಕ್ಕೆ ಸುಮಾರು 4.59 ಲಕ್ಷ ಕೈಯಲ್ಲಿ ಬೇರೆಯೇ ಇರ್ಬೇಕು. "ಅರ್ಧ ಕ್ಯಾಶ್" ಅಂದ್ರೆ ಎದ್ದು ಬನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ತಗೊಳ್ಳುವವರು ಎರಡು ಸಲ ಹೋಗಿ

ಡಿಸೆಂಬರಿನಲ್ಲಿ ಕಡಲ ದಂಡೆಯ ಯಾವ ಮನೆಯೂ ಚಂದ. ಜುಲೈಯಲ್ಲಿ ಒಮ್ಮೆ ಹೋಗಿ, ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಜಾಗ ಅದು. ಹಂಚಿನ ಸೋರಿಕೆ, ಗೋಡೆಯ ತೇವ, ದಾರಿಯಲ್ಲಿ ನಿಲ್ಲುವ ನೀರು ಆಗ ಗೊತ್ತಾಗ್ತದೆ. ಕಾಂಕ್ರೀಟ್ ಛಜ್ಜಾ ಇದ್ರೆ ಕೆಳಗಿನಿಂದ ನೋಡಿ. ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಸಿಮೆಂಟ್ ಸಿಪ್ಪೆ ಏಳ್ತದೆ. ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ, ಬಾವಿ ನೀರು ಕುಡಿದು ನೋಡಿ. ದಂಡೆಯ ಬಾವಿಗಳಲ್ಲಿ ಹಗುರವಾದ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲ್ತಿರ್ತದೆ. ಮೇಲಿನ ಮಟ್ಟ ಒಂದು ಅಡಿ ಇಳಿದ್ರೆ ಕೆಳಗಿನ ಉಪ್ಪಿನ ಗಡಿ ಸುಮಾರು 40 ಅಡಿ ಮೇಲೆ ಬರಬಹುದು ಅನ್ನೋದು ಭೂಜಲದ ಸರಳ ಲೆಕ್ಕ. ಪಕ್ಕದಲ್ಲಿ ಯಾರಾದ್ರೂ ದೊಡ್ಡ ಪಂಪು ಇಟ್ಟಿದ್ದಾರಾ ಅಂತಲೂ ಕೇಳಿ.

ಕೊನೆಗೆ

ಮನೆ ಇನ್ನೂ ಮಾರಾಟ ಆಗಿಲ್ಲ. ಪೌತಿ ಖಾತೆ ಆಗಿದೆ, ಪಹಣಿಯಲ್ಲಿ ಐದು ಹೆಸರು ಇವೆ. ಜಾಹೀರಾತು ಬದಲಾಯಿಸಿದ್ದೇನೆ. "ಎರಡು ನಿಮಿಷದ ನಡಿಗೆ" ತೆಗೆದು "ಸಿಆರ್‌ಝಡ್ 3ಬಿ, ನಿಷೇಧ ವಲಯ, 1987ರ ಮನೆ, ತೆರಿಗೆ ರಸೀದಿ ಲಭ್ಯ" ಅಂತ ಬರೆದೆ. ಫೋನ್ ಕಡಿಮೆ ಬರ್ತಿವೆ, ಆದ್ರೆ ಬರುವವರು ಇರಲಿಕ್ಕೆ ಮನೆ ಬೇಕಾದವರು. ಹೋದ ತಿಂಗಳು ಹುಬ್ಬಳ್ಳಿಯ ಒಂದು ಸಂಸಾರ ಬಂದು ನೋಡಿ ಹೋಗಿದೆ. ಅವರಿಗೆ ಬೀಗ ತೆಗೆದು ತೋರಿಸಿದ್ದು ಅತ್ತೆ.

25 ಲಕ್ಷ ಕಳ್ಕೊಂಡ್ವಿ ಅಂತ ಅಪ್ಪ ಈಗಲೂ ಅಂತಾರೆ. ಆ 25 ಲಕ್ಷ ನಮ್ಮದಾಗಿರಲೇ ಇಲ್ಲ, ಕಟ್ಟಲಿಕ್ಕೆ ಬಾರದ ಎಂಟು ರೂಮುಗಳದ್ದು ಅದು ಅಂತ ನಾನು ಹೇಳ್ತೇನೆ.

ನಿಮ್ಮದು ಮಾರುವ ಯೋಚನೆ ಇಲ್ಲದಿದ್ರೂ ಸರಿ, ಈ ಚೌತಿಗೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ತೆಗೆದಿಡಿ. ಪಹಣಿ ತೆಗೆಸಿ. ಹಿರಿಯರನ್ನ ಕೂರಿಸಿಕೊಂಡು ವಂಶವೃಕ್ಷ ಬರೀರಿ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಹಳೆ ರಸೀದಿ, ಕ್ರಯಪತ್ರ ಫೋಟೋ ತೆಗೆದು ಇಟ್ಕೊಳ್ಳಿ. ಯಾವ ಕಾಗದ ಯಾವ ಟ್ರಂಕಿನಲ್ಲಿದೆ ಅಂತ ಗೊತ್ತಿರೋದು ಅವರಿಗೆ ಮಾತ್ರ. ಮತ್ತೆ, ನಿಮ್ಮ ಅತ್ತೆಗೂ ಒಂದು ಫೋನ್ ಮಾಡಿ.